ಅರ್ಧ ಗಂಟೆಯ ಕತ್ತಲೆ

ವಿಚಾರಣೆಗೆ ಹೊರಗಿನವರು ಬರುವುದು ಹನ್ನೊಂದಕ್ಕೆ ಎಂದು ಗೊತ್ತಿದ್ದೂ ಅವನು ಎಂಟಕ್ಕೇ ಬಂದು, ನಿನ್ನೆ ತೊಳೆದು ಒಣಗಿಸಿಟ್ಟಿದ್ದ ಟ್ಯೂಬುಗಳನ್ನೇ ಇನ್ನೊಂದು ಸಲ ತೊಳೆಯುತ್ತಿದ್ದ. ತೊಳೆಯುವಂಥದ್ದು ಏನೂ ಇರಲಿಲ್ಲ. ಕೈಗೊಂದು ಕೆಲಸ ಕೊಟ್ಟರೆ ತಲೆ ಸುಮ್ಮನಿರುತ್ತದೆ ಎಂದುಕೊಂಡಿದ್ದ. ಆರನೆಯ ಟ್ಯೂಬಿನ ಹೊತ್ತಿಗೆ ಅದೂ ಸುಳ್ಳೆಂದು ಗೊತ್ತಾಯಿತು. ಬ್ರಷ್ಷನ್ನು ಗಾಜಿನೊಳಗೆ ತಿರುಗಿಸಿದಾಗ ಬರುವ ಕಿರ್ ಎನ್ನುವ ಸದ್ದನ್ನು ಇಪ್ಪತ್ತೊಂದು ವರ್ಷದಿಂದ ಕೇಳುತ್ತಿದ್ದಾನೆ. ಇವತ್ತು ಅದು ಪಕ್ಕದಲ್ಲಿ ಯಾರೋ ಹಲ್ಲು ಕಡಿಯುತ್ತಿರುವಂತೆ ಕೇಳಿಸಿತು. ನಲ್ಲಿ ನಿಲ್ಲಿಸಿ ಸುತ್ತ ನೋಡಿದ. ಪ್ರಯೋಗಾಲಯ ಎಂದಿನಂತೆಯೇ ಇತ್ತು. ಉದ್ದನೆಯ ಕಲ್ಲಿನ ಮೇಜು, ಮೂಲೆಯಲ್ಲಿ ಬಣ್ಣ ಅಳೆಯುವ ಯಂತ್ರ, ಗೋಡೆಗೆ ಅವನ ಕಪಾಟು, ಕಪಾಟಿನ ಎದುರಿಗೇ ಪರದೆಯಿಲ್ಲದ ಕಿಟಕಿ. ಪರದೆಯನ್ನು ಯಾವುದೋ ಕಾಲದಲ್ಲಿ ಒಗೆಯಲು ಕೊಟ್ಟಿದ್ದರು; ಹೋದದ್ದು ಹೋಗೇಬಿಟ್ಟಿತು. ಹೊಸದಕ್ಕೆ ಅವನು ಮೂರು ಸಲ ಬರೆದುಕೊಟ್ಟಿದ್ದ. ಎರಡು ವರ್ಷದಿಂದ ಬರೆದುಕೊಟ್ಟಿಲ್ಲ, ಯಾಕೆಂದು ಯಾರೂ ಕೇಳಿಲ್ಲ.

ಆ ಕಪಾಟಿನಿಂದಲೇ ಅವನಿಗೆ ಕತ್ತಲೆರಾಯ ಎಂದು ಹೆಸರು ಬಿದ್ದದ್ದು. ಅಡುಗೆಗೆ ಹಾಕುವ ಸೊಪ್ಪುಗಳಲ್ಲಿ ಯಾವುದು ಎಷ್ಟು ಗಟ್ಟಿ ಎಂದು ನೋಡುವುದು ಇಲ್ಲಿಯ ಕೆಲಸ. ಎಣ್ಣೆ ಕಮಟು ಹಿಡಿಯುವುದು, ಹೆಚ್ಚಿಟ್ಟ ಸೇಬು ಕಂದುವುದು, ಕಬ್ಬಿಣ ತುಕ್ಕಾಗುವುದು, ಎಲ್ಲಾ ಒಂದೇ ಜಾತಿಯ ಕೆಡುಕು. ಕೆಲವು ಸೊಪ್ಪಿನ ರಸ ಆ ಕೆಡುಕಿಗೆ ತಾನೇ ಮೊದಲು ಮೈಯೊಡ್ಡಿ ಪಕ್ಕದ್ದನ್ನು ಉಳಿಸುತ್ತದೆ. ಅದನ್ನು ಪರೀಕ್ಷಿಸಲು ಒಂದು ನೇರಳೆ ದ್ರಾವಣವಿದೆ. ಸೊಪ್ಪಿನ ರಸ ಹಾಕಿದರೆ ನೇರಳೆ ಸೋತು ಹಳದಿಯಾಗುತ್ತದೆ. ಎಷ್ಟು ಸೋತಿತೋ ಅಷ್ಟು ಸೊಪ್ಪಿನ ಗೆಲುವು, ನೂರಕ್ಕೆ ಇಷ್ಟು ಎಂದು ಯಂತ್ರ ಅಂಕಿ ಕೊಡುತ್ತದೆ. ಆದರೆ ಆ ನೇರಳೆ ಬಣ್ಣ ಬಹಳ ಸೂಕ್ಷ್ಮ. ಬಿಸಿಲು ಬಿದ್ದರೆ ಸೊಪ್ಪೂ ಬೇಡ, ಏನೂ ಬೇಡ, ತಾನಾಗಿಯೇ ಮಾಸುತ್ತದೆ. ಅದಕ್ಕೇ ಬೆರೆಸಿದ ಮೇಲೆ ಅರ್ಧ ಗಂಟೆ ಕತ್ತಲೆಯಲ್ಲಿಡಬೇಕು. ಪಕ್ಕದಲ್ಲಿ ಸೊಪ್ಪಿಲ್ಲದ ಬರಿಯ ಬಣ್ಣದ ಟ್ಯೂಬುಗಳನ್ನೂ ಇಡಬೇಕು, ಹೋಲಿಸಿ ನೋಡುವುದಕ್ಕೆ. ಪ್ರತಿ ವರ್ಷ ಬರುವ ಹೊಸಬರಿಗೆ ಅವನು ಹೇಳುವ ಮೊದಲ ಮಾತು, ಕಪಾಟಿನ ಬಾಗಿಲು ತೆಗೆದಿಟ್ಟರೆ ಕೈ ಮುರೀತೀನಿ. ಹೊಸಬರು ನಗುತ್ತಿದ್ದರು. ಆಮೇಲೆ ಅವರು ದೊಡ್ಡ ದೊಡ್ಡ ಕಡೆ ಹೋಗಿ, ಅವನ ಮಾತನ್ನು ಅಲ್ಲಿಯ ಹೊಸಬರಿಗೆ ಹೇಳುತ್ತಿದ್ದರಂತೆ. ಅವನಿಗೆ ಇದ್ದ ಆಸ್ತಿ ಅದೊಂದೇ.

ಅಂಥವನು ಸಬ್ಬಸಿಗೆಯ ಸ್ಟ್ಯಾಂಡನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟಿದ್ದ. ಎರಡು ವರ್ಷದ ಹಿಂದೆ, ಇದೇ ತಿಂಗಳು, ಇಂಥದೇ ಬಿಸಿಲು. ಎಂಟು ಸೊಪ್ಪು, ಎಂಟು ಸ್ಟ್ಯಾಂಡು. ರೋಸ್ಮರಿ, ಪುದೀನ, ಕೊತ್ತಂಬರಿ ಎಲ್ಲ ಒಳಗೆ ಹೋದವು. ಕೊನೆಯದು ಸಬ್ಬಸಿಗೆ. ಅದನ್ನು ಕೈಯಲ್ಲಿ ಹಿಡಿದು ಕಪಾಟಿನ ಕಡೆ ತಿರುಗಿದಾಗ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಮಾವ. ಎಂದರೆ ಹೆಂಡತಿಯ ಅಪ್ಪ; ಎಂದರೆ ಅವನು ಹದಿನಾರು ವರ್ಷದಿಂದ ಇರುವ ಮನೆಯ ಯಜಮಾನರು. ಮನೆಯಳಿಯನಿಗೆ ಎತ್ತದೆ ಇರುವ ಫೋನು ಎಂಬುದಿಲ್ಲ. ಸ್ಟ್ಯಾಂಡನ್ನು ಹತ್ತಿರವಿದ್ದ ಕಟ್ಟೆಯ ಮೇಲಿಟ್ಟು, ಕಪಾಟು ಮುಚ್ಚಿ, ಪಡಸಾಲೆಗೆ ಹೋಗಿ ಎತ್ತಿದ. ಮಾವ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ನಿವೃತ್ತಿಯಾದ ಮೇಲೂ ಕೆಂಪು ಪೆನ್ನು ಕೆಳಗಿಟ್ಟವರಲ್ಲ. ಬಿಸ್ಕತ್ತಿನ ಪೊಟ್ಟಣ, ಔಷಧದ ಚೀಟಿ, ಮದುವೆಯ ಕಾಗದ, ಏನು ಸಿಕ್ಕಿದರೂ ತಿದ್ದುತ್ತಿದ್ದರು. ಅವತ್ತು ಪತ್ರಿಕೆಯ ಮೊದಲ ಪುಟದಲ್ಲೇ ಒಂದು ಊರಿನ ಜನಸಂಖ್ಯೆಗೆ ಒಂದು ಸೊನ್ನೆ ಹೆಚ್ಚಿಗೆ ಬಿದ್ದಿತ್ತು. "ಕೇಳಿಸ್ಕೋತಾ ಇದೀರಾ ಅಳಿಯಂದ್ರೇ? ಒಂದು ಸೊನ್ನೆ. ಯಾರ ಕಣ್ಣಿಗೂ ಬೀಳಲಿಲ್ವಲ್ಲ, ಏನು ಕೆಲಸ ಮಾಡ್ತಾರೆ ಇವರೆಲ್ಲ?" ಹೂಂ ಮಾವ, ಹೌದು ಮಾವ, ಅದೇ ಮಾವ. ಕೆಲಸದಲ್ಲಿದ್ದೇನೆ ಎನ್ನುವ ಮಾತು ಮೂರು ಸಲ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ತಿರುಗಿ ಬಂದಾಗ ಇಪ್ಪತ್ತೈದು ನಿಮಿಷವಾಗಿತ್ತು. ಕಟ್ಟೆಯ ಮೇಲೆ ಬಿಸಿಲು ಮಲಗಿತ್ತು, ಸ್ಟ್ಯಾಂಡು ಅದರ ನಡುವೆ. ಅವನು ಅದನ್ನೆತ್ತಿ ಕಪಾಟಿನೊಳಗೆ ಸೇರಿಸಿದ, ಉಳಿದ ಐದು ನಿಮಿಷಕ್ಕೆ. ಯಾಕೆ ಸೇರಿಸಿದ? ಹಿಂದಿನ ವಾರವಷ್ಟೇ ಒಂದು ಗಾಜಿನ ಪೆಟ್ಟಿಗೆ ಒಡೆದದ್ದಕ್ಕೆ ದೊಡ್ಡವರು, ಎಂದರೆ ವಿಭಾಗದ ಮುಖ್ಯಸ್ಥರು, ಎಲ್ಲರೆದುರಿಗೆ, "ನಿನ್ನ ಕೈಗೆ ಕೊಡೋ ಬದಲು ನೆಲಕ್ಕೇ ಹಾಕಬಹುದಿತ್ತು" ಎಂದಿದ್ದರು. ಹೊಸಬರು ಅವತ್ತೂ ನಕ್ಕಿದ್ದರು. ಇನ್ನೊಂದು ಸಲ ನಗುವುದು ಬೇಡ ಎಂದಷ್ಟೇ ಅವನಿಗೆ ಅನಿಸಿದ್ದು. ಎಂಟು ಸೊಪ್ಪಿನಲ್ಲಿ ಒಂದು, ಹೇಗೂ ಇನ್ನೊಂದು ಸಲ ಮಾಡುತ್ತಾರೆ, ಸರಿಹೋಗುತ್ತದೆ ಎಂದುಕೊಂಡ.

ಯಂತ್ರ ತೊಂಬತ್ತೊಂದು ಎಂದಿತು. ಎಲ್ಲಕ್ಕಿಂತ ಗಟ್ಟಿಯೆಂದು ಹೆಸರಾದ ರೋಸ್ಮರಿ ಎಂಬತ್ತೆಂಟು, ಸಬ್ಬಸಿಗೆ ತೊಂಬತ್ತೊಂದು. ಎಲ್ಲರೂ ಬಲ್ಲ, ಯಾರೂ ಲೆಕ್ಕಕ್ಕಿಡದ ಸಬ್ಬಸಿಗೆ. ಅಂಕಿ ಬರೆದುಕೊಳ್ಳುತ್ತಿದ್ದ ಸಂಶೋಧಕಿ ಪೆನ್ನು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಅವನಿಗಿಂತ ಹದಿನೆಂಟು ವರ್ಷ ಚಿಕ್ಕವಳು, ಆದರೂ ಅವನು ಮೇಡಂ ಎನ್ನುತ್ತಿದ್ದ, ಹಾಗನ್ನಬೇಡಿ ಎಂದು ಅವಳು ಹೇಳಿ ಹೇಳಿ ಬಿಟ್ಟಿದ್ದಳು. ವಾರದ ಮೇಲೆ ಎರಡನೆಯ ಸಲ ಮಾಡಿದಾಗ ಸಬ್ಬಸಿಗೆ ನಲವತ್ತನಾಲ್ಕಕ್ಕೆ ಇಳಿಯಿತು. ಅವನು ಅವತ್ತು ಹಿಂದೆ ನಿಂತು ಟ್ಯೂಬು ತೊಳೆಯುತ್ತಿದ್ದ. ಈಗ ಗೊತ್ತಾಗುತ್ತದೆ, ಈಗ ಮೊದಲಿನದನ್ನು ಹೊಡೆದುಹಾಕುತ್ತಾರೆ, ಮುಗಿಯಿತು ಎಂದು ಉಸಿರು ಹಿಡಿದು ಕಾದ. ದೊಡ್ಡವರು ಅಂಕಿ ಬರೆಯುವ ಪುಸ್ತಕ ನೋಡಿ, "ಎಲೆ ಹಳೇದಾಗಿರ್ಬೇಕು. ಇದನ್ನ ಬಿಡಿ" ಎಂದರು. ಸಂಶೋಧಕಿ ಒಂದು ಕ್ಷಣ ತಡೆದು, ನಲವತ್ತನಾಲ್ಕರ ಮೇಲೆ ಗೀಟು ಎಳೆದಳು. ಗೀಟು ಎಳೆಯುವ ಸದ್ದು ತನಗೆ ಕೇಳಿಸಿತು ಎಂದು ಅವನಿಗೆ ಇವತ್ತಿಗೂ ಅನಿಸುತ್ತದೆ, ನಲ್ಲಿ ಸುರಿಯುತ್ತಿದ್ದರೂ.

ಲೇಖನ ಅಚ್ಚಾಯಿತು. ಕೊನೆಯ ಪುಟದಲ್ಲಿ, ನೆರವಿತ್ತವರನ್ನು ನೆನೆಯುವ ಸಣ್ಣ ಅಕ್ಷರಗಳಲ್ಲಿ, ಅವನ ಹೆಸರೂ ಇತ್ತು. ಅವಳೇ ಹಾಕಿಸಿದ್ದು. ಒಂದು ಪ್ರತಿಯನ್ನು ಮನೆಗೆ ಒಯ್ದು ಊಟದ ಮೇಜಿನ ಮೇಲೆ, ಯಾರೋ ಮರೆತು ಬಿಟ್ಟುಹೋದ ಹಾಗೆ ಇಟ್ಟ. ಮಾವ ಮೂರು ದಿನ ಓದಿದರು. ಅರ್ಥವಾಗದ್ದನ್ನೂ ಬಿಡದೆ ಓದಿ, ಎರಡು ಅಲ್ಪವಿರಾಮ, ಒಂದು ಪೂರ್ಣವಿರಾಮ, ಹೀಗೆ ಮೂರು ತಪ್ಪು ಹಿಡಿದು ಕೆಂಪು ಸುತ್ತು ಹಾಕಿದರು. ನಾಲ್ಕನೆಯದು ಅವರ ಕೈಗೂ ಸಿಗಲಿಲ್ಲ. ಆಮೇಲೆ ಅಳಿಯನನ್ನು ಕೂರಿಸಿಕೊಂಡು ಸೊಪ್ಪು ಏನು ಮಾಡುತ್ತದೆ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಅವರು ಅವನ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಬಾಟಲಿ ತೊಳೆಯುವ ಕೆಲಸ ಎಂದು ಮದುವೆಯ ಹೊತ್ತಿಗೆ ಯಾರೋ ಹೇಳಿದ್ದನ್ನು ಅವರು ಆವರೆಗೆ ತಿದ್ದಿರಲಿಲ್ಲ. ಅವನು ಎಣ್ಣೆ, ಸೇಬು, ತುಕ್ಕು ಎಲ್ಲ ಹೇಳಿದ. ಅವರು ಯೋಚಿಸಿ, "ಅಂದ್ರೆ ನಮ್ಮ ಕರಡು ತಿದ್ದೋರ ಥರ. ತಪ್ಪು ಹೊರಗೆ ಹೋಗೋ ಮುಂಚೆ ತಾವೇ ಬೈಸ್ಕೊಳ್ಳೋರು" ಎಂದರು. ಅವತ್ತಿನಿಂದ ಮನೆಯಲ್ಲಿ ಮೊಟ್ಟೆಗೆ ಸಬ್ಬಸಿಗೆ, ಆಲೂಗೆಡ್ಡೆಗೆ ಸಬ್ಬಸಿಗೆ, ಮೊಸರಿಗೆ ಸಬ್ಬಸಿಗೆ. ಬಸ್ಸಿನ ಕಚೇರಿಯಲ್ಲಿ ಟಿಕೆಟು ಹರಿಯುವ ಹೆಂಡತಿ, "ನನ್ನ ಬೆವರಿಗೂ ಅದೇ ವಾಸನೆ ಬಂದುಬಿಟ್ಟಿದೆ. ಕ್ಯೂನಲ್ಲಿ ನಿಂತೋರು ಮೂಗೆಳೀತಾರೆ" ಎಂದು ಗೊಣಗಿದಳು. ಮಾವ ಮಾತ್ರ ದಂಟನ್ನೂ ಬಿಡದೆ ಮೇಕೆಯ ಹಾಗೆ ಅಗಿಯುತ್ತಿದ್ದರು. ಮನೆಗೆ ಯಾರು ಬಂದರೂ, "ನಮ್ಮ ಅಳಿಯಂದ್ರು ಸಂಶೋಧನೇಲಿದಾರೆ" ಎನ್ನುತ್ತಿದ್ದರು. ಅವನು ಆಗೆಲ್ಲ ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದ. ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಅದು ಅವನಿಗೆ ಇಷ್ಟವಾಗುತ್ತಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ.

ಆರು ತಿಂಗಳ ಹಿಂದೆ ದೂರದ ಒಂದು ಪ್ರಯೋಗಾಲಯದಿಂದ ಪತ್ರ ಬಂತು. ಅಲ್ಲಿಯವರು ಸಬ್ಬಸಿಗೆಯನ್ನು ಐದು ಸಲ ಮಾಡಿ ನೋಡಿದ್ದರು, ಐದು ಸಲವೂ ನಲವತ್ತಮೂರರ ಆಚೀಚೆ. ದೊಡ್ಡವರು ಮೊದಲು ನಕ್ಕರು, ಆಮೇಲೆ ಪುಸ್ತಕ ತರಿಸಿದರು. ಪುಸ್ತಕದಲ್ಲಿ ಗೀಟು ಎಳೆದ ನಲವತ್ತನಾಲ್ಕು ಇತ್ತು, ಸಂಶೋಧಕಿಯ ಕೈಬರಹದಲ್ಲಿ. ಬಿಡಿ ಎಂದದ್ದು ಯಾರು ಎಂದು ಎಲ್ಲೂ ಬರೆದಿರಲಿಲ್ಲ. "ನಾನು ಹಾಗೆ ಹೇಳಿದ ನೆನಪಿಲ್ಲ" ಎಂದರು ದೊಡ್ಡವರು, ಶಾಂತವಾಗಿ. ಬೇಕಾದ ಅಂಕಿ ಇಟ್ಟುಕೊಂಡು ಬೇಡದ್ದನ್ನು ಹೊಡೆದವಳು ಎಂದು ಮಾತು ಹುಟ್ಟಿ, ಅವಳ ಪದವಿ ತಡೆಹಿಡಿಯಲ್ಪಟ್ಟಿತು. ಅವಳಿಗೆ ಕೆಲಸ ಕೊಡುವುದಾಗಿ ಹೇಳಿದ್ದವರ ಕಿವಿಗೂ ಆ ಮಾತು ಬಿತ್ತು. ಅವಳು ಪಡಸಾಲೆಯಲ್ಲಿ ಎದುರಾದಾಗಲೆಲ್ಲ ಅವನು ಶೂ ಲೇಸು ಕಟ್ಟಿಕೊಳ್ಳಲು ಬಗ್ಗುತ್ತಿದ್ದ. ಅವನ ಶೂಗೆ ಲೇಸು ಇರಲಿಲ್ಲ. ಅದು ಅವಳಿಗೆ ಕಂಡಿರಬೇಕು, ಕಂಡರೂ ಅರ್ಥವಾಗಿರಲಾರದು ಎಂದು ಲೆಕ್ಕ ಹಾಕುತ್ತ ಅವನು ಮೆಟ್ಟಿಲಿಳಿಯುತ್ತಿದ್ದ. ಆರು ತಿಂಗಳಲ್ಲಿ ಹೇಳಲು ಎಷ್ಟು ದಿನವಿದ್ದವು. ನಾಳೆ ಎಂದುಕೊಂಡ ದಿನಗಳನ್ನು ಸಾಲಾಗಿ ನಿಲ್ಲಿಸಿದರೆ ಈ ಮೇಜಿನ ಉದ್ದವೂ ಸಾಲದು.

ಹನ್ನೊಂದಕ್ಕೆ ಸರಿಯಾಗಿ ದೊಡ್ಡವರು ಹೊರಗಿನವರನ್ನು ಕರೆದುಕೊಂಡು ಬಂದರು. ವಿಚಾರಣೆಗೆ ಬೇರೆ ಕಡೆಯಿಂದ ಕಳಿಸಿದ ಮನುಷ್ಯ. ಗಿಡ್ಡಗೆ, ಸ್ವೆಟರು ಹಾಕಿಕೊಂಡು, ಕೈಯಲ್ಲಿ ಕರವಸ್ತ್ರ ಹಿಡಿದವರು. ಸಂಶೋಧಕಿ ಬಾಗಿಲಾಚೆಯ ಬೆಂಚಿನ ಮೇಲೆ ಕೂತಳು. ಅವಳು ಒಳಗೆ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ ಎಂದು ಬರಹದಲ್ಲಿ ಕೊಟ್ಟಿದ್ದರು. ಬಾಗಿಲಿನ ಗಾಜಿನಲ್ಲಿ ಅವಳ ಭುಜವೂ ಅರ್ಧ ಮುಖವೂ ಕಾಣುತ್ತಿದ್ದವು. ಹೊರಗಿನವರು ನಿನ್ನೆ ಉಳಿದಿದ್ದ ಸಬ್ಬಸಿಗೆಯ ಕಟ್ಟನ್ನು ಮೂಗಿನ ಹತ್ತಿರ ಹಿಡಿದು ತಕ್ಷಣ ದೂರ ಮಾಡಿದರು.

"ನನಗೆ ಚಿಕ್ಕಂದಿನಿಂದ ಇದರ ವಾಸನೆ ಆಗಲ್ಲ" ಎಂದರು ಅವನಿಗೆ. "ನೀವು ಅವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ. ಒಂಚೂರೂ ಬದಲಾಯಿಸಬೇಡಿ."

"ಆಗಲಿ ಸಾರ್" ಎಂದ. ಹಾಗೇ ಮಾಡಿ ಎಂದ ಮಾತು ಕಿವಿಯಲ್ಲಿ ಉಳಿಯಿತು.

ರಸವನ್ನು ಹಿಂದಿನ ದಿನವೇ ಹೊರಗಿನವರ ಎದುರಿಗೆ ತೆಗೆದು ಮುದ್ರೆ ಹಾಕಿಟ್ಟಿದ್ದರು. ಅವನು ಮುದ್ರೆ ಒಡೆದ, ಅಳೆದ, ಬೆರೆಸಿದ. ಸಬ್ಬಸಿಗೆಯ ಮೂರು ಟ್ಯೂಬು, ಬರಿಯ ಬಣ್ಣದ ಮೂರು ಟ್ಯೂಬು, ಬೇರೆ ಬೇರೆ ಸ್ಟ್ಯಾಂಡಿನಲ್ಲಿ. ಎರಡೂ ಸ್ಟ್ಯಾಂಡನ್ನು ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿ, ಗಡಿಯಾರಕ್ಕೆ ಮೂವತ್ತು ನಿಮಿಷ ಕೊಟ್ಟ. ಹೊರಗಿನವರು ಕುರ್ಚಿ ಹುಡುಕುತ್ತಿದ್ದರು. ದೊಡ್ಡವರು, "ಇಲ್ಲಿ ಕೂತು ಏನು ಮಾಡ್ತೀರಿ, ಬನ್ನಿ, ಚಹಾ ಕುಡಿದು ಬರೋಣ. ಇವನ ಕಪಾಟಿಗೆ ಬೀಗವೇ ಬೇಡ, ಇವನೇ ಬೀಗ" ಎಂದರು. ಅವನ ಬಗ್ಗೆ ಅವರು ಇಷ್ಟು ವರ್ಷದಲ್ಲಿ ಆಡಿದ ಒಳ್ಳೆಯ ಮಾತು ಅದೊಂದೇ ಇರಬೇಕು. ಹೊರಗಿನವರು ನಕ್ಕು ಹೊರಟರು. ಹೋಗುವಾಗ ಬೆಂಚಿನ ಕಡೆ ಇಬ್ಬರೂ ನೋಡಲಿಲ್ಲ.

ಅವನೊಬ್ಬನೇ ಉಳಿದ. ಈ ಕ್ಷಣ ಬರುತ್ತದೆಂದು ನಿನ್ನೆಯಿಂದ ಗೊತ್ತಿತ್ತು, ಬಹುಶಃ ಪತ್ರ ಬಂದ ದಿನದಿಂದಲೇ. ಸ್ಟ್ಯಾಂಡು ಕಪಾಟಿನಲ್ಲೇ ಇದ್ದರೆ ಅಂಕಿ ನಲವತ್ತಮೂರು, ನಲವತ್ತನಾಲ್ಕು. ಆಗ ತೊಂಬತ್ತೊಂದು ಎಲ್ಲಿಂದ ಬಂತು ಎಂದು ಕೇಳುತ್ತಾರೆ, ಅವಳ ತಲೆಯಿಂದ ಬಂತು ಎಂದು ತಾವೇ ಉತ್ತರ ಬರೆದುಕೊಳ್ಳುತ್ತಾರೆ. ಸ್ಟ್ಯಾಂಡು ಕಟ್ಟೆಯ ಮೇಲಿದ್ದರೆ ತೊಂಬತ್ತೊಂದು. ಅವಳಿಗೆ ಪದವಿ, ದೊಡ್ಡವರಿಗೆ ಮರ್ಯಾದೆ, ಮಾವನಿಗೆ ಅಳಿಯ. ಲೋಕಕ್ಕೇನು ನಷ್ಟ? ಜನ ನಾಲ್ಕು ದಂಟು ಸಬ್ಬಸಿಗೆ ಜಾಸ್ತಿ ತಿನ್ನುತ್ತಾರೆ, ತಿಂದರೆ ಯಾರೂ ಸಾಯುವುದಿಲ್ಲ. ಹಾಗೇ ಮಾಡಿ, ಒಂಚೂರೂ ಬದಲಾಯಿಸಬೇಡಿ ಎಂದು ಅವರೇ ಹೇಳಿದ್ದಾರಲ್ಲ. ಇನ್ನೊಂದು ದಾರಿಯೂ ಇತ್ತು, ಬಾಯಿ ತೆರೆದು ಹೇಳುವುದು. ಆದರೆ ಬಾಯಿ ತೆರೆದರೆ ಮೊದಲು ಬರುವ ಶಬ್ದ ಯಾವುದು ಎಂದು ಯೋಚಿಸಿದ. ಸಾರ್ ಎಂದೇ? ತಪ್ಪು ಎಂದೇ? ಫೋನು ಎಂದೇ? ಮುಂದೆ ಹೊಳೆಯಲಿಲ್ಲ. ಅಷ್ಟರಲ್ಲಿ ಅವನ ಕೈ ಕಪಾಟು ತೆರೆದಿತ್ತು. ಸಬ್ಬಸಿಗೆಯ ಸ್ಟ್ಯಾಂಡನ್ನು ತಂದು ಕಟ್ಟೆಯ ಮೇಲೆ, ಅವತ್ತು ಇಟ್ಟಿದ್ದ ಜಾಗದಲ್ಲೇ ಇಟ್ಟ. ಕಪಾಟನ್ನು ಮರೆಯದೆ ಮುಚ್ಚಿದ.

ಮುಚ್ಚಿ ನಿಂತು ನೋಡಿದ. ಇಪ್ಪತ್ತೊಂದು ವರ್ಷದಲ್ಲಿ ಈ ಬಣ್ಣ ಸೋಲುವುದನ್ನು ಅವನು ಕಂಡಿರಲೇ ಇಲ್ಲ. ನೇರಳೆಯಾಗಿ ಒಳಗಿಟ್ಟು ಹಳದಿಯಾದಾಗ ಹೊರಗೆ ತೆಗೆದವನೇ ಹೊರತು, ನಡುವೆ ಏನಾಗುತ್ತದೆಂದು ನೋಡಲು ಕತ್ತಲೆ ಬಿಡುತ್ತಿರಲಿಲ್ಲ. ಈಗ ಕಾಣುತ್ತಿತ್ತು. ಅವಸರವೇನೂ ಇರಲಿಲ್ಲ ಅದಕ್ಕೆ. ಮೊದಲು ಅಂಚಿನಲ್ಲಿ ತೆಳುವಾಯಿತು, ಆಮೇಲೆ ಒಗೆದ ಬಟ್ಟೆಯ ಹಾಗೆ ಮಂಕಾಯಿತು. ಚೆನ್ನಾಗಿಯೇ ಇತ್ತು ನೋಡಲು. ಬೆಳಿಗ್ಗೆ ತಿಂದ ಮೊಟ್ಟೆಯ ಸಬ್ಬಸಿಗೆ ವಾಸನೆ ಗಂಟಲವರೆಗೆ ಬಂದು ನಿಂತಿತು.

ಬಾಗಿಲು ತೆರೆದದ್ದು ಅವನಿಗೆ ಕೇಳಿಸಲಿಲ್ಲ. ತಿರುಗಿದಾಗ ಸಂಶೋಧಕಿ ಮೇಜಿನ ಈಚೆ ನಿಂತಿದ್ದಳು. ಅವಳ ಕಣ್ಣು ಕಟ್ಟೆಯ ಮೇಲಿತ್ತು. ಗಡಿಯಾರದಲ್ಲಿ ಇನ್ನೂ ಹದಿನೆಂಟು ನಿಮಿಷವಿತ್ತು.

"ಇದು ಇಲ್ಲಿ ಯಾಕಿದೆ?"

ಅವಳು ಟ್ಯೂಬಿನಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ ಕಣ್ಣು ಹಾಯಿಸಿದಳು. ಲೆಕ್ಕ ಬಿಡಿಸುವಾಗ ಅವಳು ಹಾಗೆ ಮಾಡುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಉತ್ತರ ಸಿಕ್ಕಿದ್ದೂ ಗೊತ್ತಾಯಿತು, ಅವಳ ಭುಜ ಇಳಿಯಿತು.

"ಅವತ್ತೂ ಇಲ್ಲೇ ಇತ್ತಾ?"

"ಹೂಂ."

"ಎಷ್ಟೊತ್ತು?"

"ಇಪ್ಪತ್ತೈದು ನಿಮಿಷ. ಮಾವನ ಫೋನು ಬಂದಿತ್ತು."

"ಮಾವನ ಫೋನು" ಎಂದಳು ಅವಳು.

"ಪೇಪರಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು. ಅದನ್ನ ಹೇಳ್ತಾ ಇದ್ರು. ಇಡೋಕೆ ಆಗಲಿಲ್ಲ."

ಅವಳು ನಗುತ್ತಾಳೇನೋ ಎಂದು ಅವನಿಗೆ ಭಯವಾಯಿತು. ಅವಳು ನಗಲಿಲ್ಲ, ಬೈಯಲೂ ಇಲ್ಲ. ಮೇಜಿನ ಅಂಚು ಹಿಡಿದುಕೊಂಡು, ಬಹಳ ಸಾಮಾನ್ಯ ದನಿಯಲ್ಲಿ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. "ಆ ಪತ್ರ ಬಂದಾಗಿಂದ ನಾನು ದಿನಾ ನನ್ನ ಪುಸ್ತಕ ತೆಗೆದು ನೋಡ್ತೀನಿ. ಅಂಕಿ ನಾನೇ ತಿದ್ದಿದ್ನಾ ಅಂತ. ಮೊದಲು ಗಟ್ಟಿಯಾಗಿ ಇಲ್ಲ ಅಂತಿದ್ದೆ. ಆಮೇಲಾಮೇಲೆ, ತಿದ್ದಿರಬಹುದು, ಯಾರಿಗೆ ಗೊತ್ತು, ಪದವಿ ಬೇಗ ಸಿಗಲಿ ಅಂತ ಕೈ ತಾನಾಗೇ ಬರೆದಿರಬಹುದು ಅನ್ನಿಸೋಕೆ ಶುರುವಾಯ್ತು. ಹೋದ ತಿಂಗಳು ಅಮ್ಮನ ಹತ್ರ, ಹೂಂ ನಾನೇ ಮಾಡಿರಬೇಕು ಅಂತ ಹೇಳಿಬಿಟ್ಟೆ. ಅಮ್ಮ ಎರಡು ದಿನ ಮಾತಾಡಲಿಲ್ಲ."

ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕ್ಷಮೆ ಕೇಳಬೇಕೆನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ. "ಇನ್ನು ಹದಿನೈದು ನಿಮಿಷ ಬಿಟ್ರೆ ತೊಂಬತ್ತು ದಾಟತ್ತೆ, ಮೇಡಂ. ನಿಮಗೇನೂ ಆಗಲ್ಲ. ಎಲ್ಲಾ ಸರಿಹೋಗತ್ತೆ."

ಅವಳು ಮೊದಲ ಸಲ ಅವನ ಮುಖ ನೋಡಿದಳು. ಸ್ಟ್ಯಾಂಡಿನ ಕಡೆ ಕೈ ಚಾಚಿ, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡಳು.

"ನನಗೆ ಒಳಗೆ ಬರೋಕೆ ಅಪ್ಪಣೆ ಇಲ್ಲ" ಎಂದಳು. "ನಾನು ಬಂದಿಲ್ಲ."

ಬಾಗಿಲು ಮುಚ್ಚಿತು. ಗಾಜಿನಲ್ಲಿ ಮತ್ತೆ ಭುಜವೂ ಅರ್ಧ ಮುಖವೂ. ಒಪ್ಪಿದಳು ಎಂದು ಅವನ ಮನಸ್ಸು ಹಗುರಾಯಿತು, ಆ ಹಗುರ ಒಂದು ನಿಮಿಷವೂ ಉಳಿಯಲಿಲ್ಲ. ಒಪ್ಪಿದಳೋ, ಬಿಟ್ಟಳೋ? ಒಪ್ಪಿದಳೆಂದೇ ಇಟ್ಟುಕೊಂಡರೂ ಇನ್ನು ಮುಂದೆ ಇದನ್ನು ಹೊರುವವರು ಇಬ್ಬರು. ಪದವಿ ತೆಗೆದುಕೊಳ್ಳುವ ದಿನ ಅವಳಿಗೆ ಈ ಕಟ್ಟೆ ನೆನಪಾಗುತ್ತದೆ. ಯಾರಾದರೂ ಹೊಗಳಿದಾಗ ಬಾಗಿಲ ಹಿಂದೆ ಹೋಗಿ ನಿಲ್ಲಬೇಕಾಗುತ್ತದೆ. ಲೇಸಿಲ್ಲದ ಶೂ ಕಟ್ಟಿಕೊಳ್ಳಲು ಬಗ್ಗಬೇಕಾಗುತ್ತದೆ. ಮಾಡದ ತಪ್ಪನ್ನು ಮಾಡಿದೆನೆಂದು ನಂಬಿ ಆರು ತಿಂಗಳು ಕಳೆದವಳಿಗೆ, ಈಗ ನಿಜವಾಗಿಯೂ ಒಂದು ತಪ್ಪು ಕೊಟ್ಟು ಕಳಿಸಿದೆ ಎಂದು ಅವನಿಗೆ ಹೊಳೆಯಿತು. ಅವತ್ತು ಮಾಡಿದ್ದು ಮರೆವು. ಇವತ್ತು ಮಾಡಿದ್ದಕ್ಕೆ ಆ ಹೆಸರಿಲ್ಲ. ಸ್ಟ್ಯಾಂಡನ್ನು ತಿರುಗಿ ಒಳಗಿಟ್ಟರೆ ಸೋತ ಬಣ್ಣ ಮರಳಿ ಬರುವುದಿಲ್ಲ; ಹೊಸದಾಗಿ ಬೆರೆಸಲು ಹೊತ್ತಿಲ್ಲ. ಅವನು ಹಣೆಯನ್ನು ಕಪಾಟಿನ ಬಾಗಿಲಿಗೆ ಒತ್ತಿಕೊಂಡು ನಿಂತ. ಒಳಗೆ ಬರಿಯ ಬಣ್ಣದ ಮೂರು ಟ್ಯೂಬುಗಳು ಕತ್ತಲೆಯಲ್ಲಿ ಇದ್ದವು. ಅವು ಯಾಕಿವೆ? ಹೋಲಿಸಿ ನೋಡುವುದಕ್ಕೆ. ಹೊಸಬರಿಗೆ ಅವನೇ ಹೇಳಿಕೊಡುತ್ತಿದ್ದ ಮಾತು, ಇಷ್ಟು ಹೊತ್ತು ಅವನಿಗೇ ನೆನಪಾಗಿರಲಿಲ್ಲ.

ಬಾಗಿಲು ತೆರೆದು ಮೂರರಲ್ಲಿ ಒಂದನ್ನು ತೆಗೆದ. ತಂದು ಸಬ್ಬಸಿಗೆಯ ಪಕ್ಕದಲ್ಲಿ, ಅದೇ ಬಿಸಿಲಿನಲ್ಲಿ ಇಟ್ಟ. ಮಂಕಾದ ಮೂರರ ಪಕ್ಕದಲ್ಲಿ ಅದೊಂದು ಕಡುನೇರಳೆಯಾಗಿ ನಿಂತಿತ್ತು.

ಆಗ ಜೇಬಿನಲ್ಲಿ ಫೋನು ಗುಂಯ್ ಎಂದಿತು. ನೋಡದೆಯೇ ಯಾರೆಂದು ಗೊತ್ತಾಯಿತು. ಇವತ್ತು ಹೊರಗಿನಿಂದ ದೊಡ್ಡ ಮನುಷ್ಯರು ನನ್ನ ಕೆಲಸ ನೋಡಲು ಬರುತ್ತಾರೆ ಎಂದು ಬೆಳಿಗ್ಗೆ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಎತ್ತಿದ.

"ಬಂದ್ರಾ ಅವರು? ಕೇಳಿಲ್ಲಿ ಅಳಿಯಂದ್ರೇ, ಇವತ್ತಿನ ಪೇಪರಲ್ಲಿ ಇನ್ನೊಂದು..."

"ಮಾವ, ಕೆಲಸದಲ್ಲಿದೀನಿ. ಆಮೇಲೆ ಮಾತಾಡ್ತೀನಿ."

"ಓ, ಹಾಗಾ. ಸರಿ ಸರಿ, ಕೆಲಸ ನೋಡ್ಕೊಳ್ಳಿ" ಎಂದು ಮಾವ ಇಟ್ಟುಬಿಟ್ಟರು.

ಅಷ್ಟೇ. ಕೋಪವಿಲ್ಲ, ಬೇಸರವಿಲ್ಲ. ಅವನು ಫೋನಿನ ಗಾಜನ್ನು ನೋಡುತ್ತ ನಿಂತ. ಒಂಬತ್ತು ಸೆಕೆಂಡು ಎಂದು ಅದರಲ್ಲಿ ಬರೆದಿತ್ತು. ಆ ಮಾತು ಎರಡು ವರ್ಷದ ಹಿಂದೆಯೂ ಇಷ್ಟೇ ಉದ್ದ ಇತ್ತು. ಅವನಿಗೆ ಅಳು ಬಂದಂತಾಯಿತು, ಕಟ್ಟೆಯ ಕಡೆ ತಿರುಗಿಕೊಂಡ.

ಗಡಿಯಾರ ಕೂಗಿದ ಮೇಲೂ ಅವರು ಬರಲಿಲ್ಲ. ಚಹಾದ ಜೊತೆ ದೊಡ್ಡವರು ತಮ್ಮ ಹಳೆಯ ಪ್ರವಾಸಗಳ ಕಥೆ ತೆಗೆದಿರಬೇಕು. ಇನ್ನೂ ಆರು ನಿಮಿಷ ಕಳೆದು ಪಡಸಾಲೆಯಲ್ಲಿ ನಗು ಕೇಳಿಸಿತು, ಬಾಗಿಲು ತೆರೆಯಿತು. ಕಪಾಟಿನ ಮುಂದೆ ಇರಬೇಕಾದವನು ಕಿಟಕಿಯ ಮುಂದೆ ನಿಂತಿದ್ದನ್ನು ಕಂಡು ದೊಡ್ಡವರ ನಗು ಅರ್ಧಕ್ಕೆ ನಿಂತಿತು.

"ಏನಯ್ಯಾ ಇದು?"

ಅವನು ಯಂತ್ರದ ಹತ್ತಿರ ಹೋದ. ಕಪಾಟಿನಿಂದ ಬರಿಯ ಬಣ್ಣದ ಇನ್ನೊಂದು ಟ್ಯೂಬು ತಂದು, ಅದನ್ನಿಟ್ಟು ಯಂತ್ರಕ್ಕೆ ಪೂರ್ತಿ ಬಣ್ಣ ಎಂದರೆ ಯಾವುದು ಎಂದು ತೋರಿಸಿದ. ಆಮೇಲೆ ಸಬ್ಬಸಿಗೆ ಇಟ್ಟ. ತೊಂಬತ್ತೆರಡು. ದೊಡ್ಡವರು ಉಸಿರು ಬಿಟ್ಟದ್ದು ಕೇಳಿಸಿತು. ಹೊರಗಿನವರು ಬರೆದುಕೊಂಡರು. ಅವನು ಕಿಟಕಿಯಿಂದ ತಂದ ಕೊನೆಯ ಟ್ಯೂಬನ್ನು ಇಟ್ಟ. ಅದರ ನೇರಳೆ ಈಗ ತಿಳಿಯಾಗಿತ್ತು. ನಲವತ್ತೊಂದು.

"ಇದು ಯಾವ ಸೊಪ್ಪು?" ಎಂದರು ಹೊರಗಿನವರು, ಪೆನ್ನು ಕಾಗದದ ಮೇಲೆ ಇಟ್ಟುಕೊಂಡು.

"ಸೊಪ್ಪಿಲ್ಲ ಸಾರ್."

"ಮತ್ತೆ?"

"ಬಿಸಿಲು" ಎಂದ. "ಇದಕ್ಕೆ ನಾನು ಏನೂ ಹಾಕಿಲ್ಲ. ಸಬ್ಬಸಿಗೆ ಜೊತೇಲಿ ಕಿಟಕೀಲಿ ಇಟ್ಟಿದ್ದೆ. ಅವತ್ತೂ ಸಬ್ಬಸಿಗೆ ಅಲ್ಲೇ ಇತ್ತು. ಇಟ್ಟಿದ್ದು ನಾನು. ಮೇಡಂ ಯಂತ್ರ ತೋರಿಸಿದ್ದನ್ನ ಬರೆದುಕೊಂಡ್ರು, ಅಷ್ಟೇ. ಎರಡನೇ ಸಲ ನಲವತ್ತನಾಲ್ಕು ಬಂದಾಗ ಬಿಡಿ ಅಂದಿದ್ದು ಯಾರು ಅಂತಾನೂ ನನಗೆ ಗೊತ್ತು. ನಾನು ಇಲ್ಲೇ ಟ್ಯೂಬು ತೊಳೀತಾ ಇದ್ದೆ."

ದೊಡ್ಡವರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಅವರು ಏನೋ ಹೇಳಲು ಹೊರಟಾಗ ಹೊರಗಿನವರು ಕೈಯೆತ್ತಿ ತಡೆದು, ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡರು.

"ಎಷ್ಟು ದಿನದಿಂದ ಗೊತ್ತಿತ್ತು ನಿಮಗೆ?"

"ಎರಡು ವರ್ಷ ಸಾರ್."

ಅವರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. "ಆಕೆಯನ್ನ ಒಳಗೆ ಕರೀರಿ" ಎಂದರು.

ಅವನು ಬಾಗಿಲಿಗೆ ಹೋದ. ಅವಳು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು, ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಒಳಗಿನ ಮಾತು ಕೇಳಿಸಿತ್ತೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಬಗ್ಗಿ ಕಟ್ಟಿಕೊಳ್ಳಲು ಲೇಸು ಹುಡುಕದೆ ನೆಟ್ಟಗೆ ನಿಲ್ಲುವುದು ಎಷ್ಟು ಕಷ್ಟ ಎಂದು ಅವನಿಗನಿಸಿತು.

"ಒಳಗೆ ಬರಬೇಕಂತೆ, ಮೇಡಂ."

ಅವಳು ಎದ್ದಳು. ಅವನನ್ನು ದಾಟಿ ಹೋಗುವಾಗ ಅವನ ಕಡೆ ನೋಡಲಿಲ್ಲ. ಒಳಗೆ ಇಬ್ಬರು ಕಾಯುತ್ತಿದ್ದರು. ಅವಳು ನೇರ ಅವರ ಹತ್ತಿರ ಹೋಗಲಿಲ್ಲ, ಕಪಾಟಿನ ಮುಂದೆ ನಿಂತಳು. ಬಾಗಿಲು ಹಾರು ಹೊಡೆದಿತ್ತು. ಒಳಗೆ ಉಳಿದಿದ್ದ ಒಂದೇ ಟ್ಯೂಬಿನ ಮೇಲೆ ಕಿಟಕಿಯ ಬೆಳಕು ಬೀಳುತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಅವನು ಆ ಬಾಗಿಲನ್ನು ತೆಗೆದಿಟ್ಟು ಬಂದದ್ದು ಅದೇ ಮೊದಲು. ಅವಳು ಅದನ್ನು ಮುಚ್ಚಿ, ಚಿಲಕ ಕೂತಿತೇ ಎಂದು ಒಮ್ಮೆ ಎಳೆದು ನೋಡಿ, ಆಮೇಲೆ ಹೋಗಿ ಕುರ್ಚಿಯಲ್ಲಿ ಕೂತಳು.